ಪಂಚಾಯಿತಿ ತನಕ ಬಂದ ಕೇಬಲ್ ನಮ್ಮ ಬೀದಿಗೂ ಬರಲಿ

1ನೇ ಅಡ್ಡರಸ್ತೆ, ಮನೆ 12:
ಎಲ್ಲರಿಗೂ ನಮಸ್ಕಾರ. ಕುಣಿಗಲ್ ರಸ್ತೆ ಕಡೆ ಚರಂಡಿ ತೋಡಲು ಬಂದ ಜೆಸಿಬಿ ಮತ್ತೆ ಇಂಟರ್ನೆಟ್ ಕೇಬಲ್ ಕಿತ್ತಿದೆ. ನಾಲ್ಕು ದಿನ ಆಯ್ತು. ಕಂಪನಿಯವರು ದಿನಾ ‘ನಾಳೆ’ ಅನ್ನುತ್ತಾರೆ. ಸಂಜೆಯಾದರೆ ಮೊಬೈಲ್ ಡೇಟಾನೂ ಸಿಗುವುದಿಲ್ಲ.

4ನೇ ಅಡ್ಡರಸ್ತೆ, ಮನೆ 58:
ನಮ್ಮ ಕಡೆ ಆ ಲೈನೂ ಇಲ್ಲ ಅಕ್ಕ. ಮನೆ ಕಡಿಮೆ, ಹಾಕಿದ ದುಡ್ಡು ಹುಟ್ಟಲ್ಲ ಅಂದರು. ಹಿಂದಿನ ಶೆಡ್‌ಗಳಲ್ಲಿರುವ ಗಾರೆ ಕೆಲಸದವರ ಮಕ್ಕಳು ನಮ್ಮ ಮೆಟ್ಟಿಲ ಮೇಲೆ ಕೂತು, ಒಂದೇ ಫೋನಿನಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿದರು. ಒಟಿಪಿ ಬರುವಷ್ಟರಲ್ಲಿ ಪುಟ ಹೋಗಿಬಿಡುತ್ತಿತ್ತು. ಮೂರು ಸಂಜೆ ಹಿಡಿಯಿತು. ನೋಡೋಕೆ ಆಗಲಿಲ್ಲ.

2ನೇ ಅಡ್ಡರಸ್ತೆ, ಮನೆ 27:
ನಾನು ದೂರವಾಣಿ ಕೆಲಸದಲ್ಲಿದ್ದವನು, ಸ್ವಲ್ಪ ಉದ್ದ ಬರೆಯುತ್ತೇನೆ. ಪಂಚಾಯಿತಿಗಳಿಗೆ ಫೈಬರ್ (ವೇಗದ ಇಂಟರ್ನೆಟ್ ಕೇಬಲ್) ಎಳೆಯುವ ಯೋಜನೆಗೆ ಕೇಂದ್ರ 2011ರಲ್ಲೇ ಒಪ್ಪಿತು. ಈಗಿನ ಹೆಸರು ಭಾರತ್‌ನೆಟ್. ಅದರ ಗುರಿ ಇದ್ದದ್ದು ಪಂಚಾಯಿತಿ ಕಚೇರಿ ತನಕ. ಅಲ್ಲಿಂದ ಮನೆಗೆ ಎಳೆಯುವುದು ಬೇರೆ ಕೆಲಸ, ಸಿಕ್ಕಿಕೊಂಡಿರುವುದು ಅಲ್ಲೇ. 2023ರ ಆಗಸ್ಟ್‌ನಲ್ಲಿ ಇದೂ ಸೇರಿದಂತೆ ಇಡೀ ಯೋಜನೆಗೆ 1,39,579 ಕೋಟಿ ರೂಪಾಯಿ ಒಪ್ಪಿದರು. ಹಳ್ಳಿಗಳ ಒಂದೂವರೆ ಕೋಟಿ ಮನೆಗೆ ಫೈಬರ್ ಅಂತ ಗುರಿ.

ದುಡ್ಡು ಕೇಂದ್ರದ್ದು. ಆದರೆ ರಸ್ತೆ ಅಗೆಯಲು ಅನುಮತಿ, ಕರೆಂಟ್ ಕಂಬ, ಜಾಗ ಇವೆಲ್ಲ ರಾಜ್ಯ ಮತ್ತು ಪಂಚಾಯಿತಿ ಕೈಯಲ್ಲಿವೆ. ಕೇರಳ ಕಾಯಲಿಲ್ಲ. ಕೆಫಾನ್ ಅಂತ ತನ್ನದೇ ಇಂಟರ್ನೆಟ್ ಜಾಲ ಕಟ್ಟಿ 2023ರ ಜೂನ್‌ನಲ್ಲಿ ಶುರು ಮಾಡಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತವಾಗಿ ಕೊಡುವ ಗುರಿ ಇಟ್ಟುಕೊಂಡಿತು. ನಮ್ಮ ಸರ್ಕಾರವನ್ನೂ ಅರ್ಜಿ ಬರೆದು ಇದನ್ನೇ ಕೇಳಬೇಕು.

3ನೇ ಅಡ್ಡರಸ್ತೆ, ಮನೆ 40:
ಸರಿ ಸಾರ್. ಆದರೆ ಅರ್ಜಿಗೆ ಮೊದಲು ಮನೆ ಮಾಲೀಕರು ಮಾತ್ರ ಸಹಿ ಹಾಕಲಿ. ಶೆಡ್‌ನವರು ನಾಳೆ ಬೇರೆ ಕಡೆ ಹೋಗುತ್ತಾರೆ, ಅಲ್ವಾ?

4ನೇ ಅಡ್ಡರಸ್ತೆ, ಮನೆ 58:
ಬೇಡ ಅಣ್ಣ. ಅವರು ಹೋದರೂ ಆ ಜಾಗಕ್ಕೆ ಇನ್ನೊಂದು ಸಂಸಾರ ಬರುತ್ತದೆ. ಮನೆ ಕಡಿಮೆ ಅಂತಲೇ ಅಲ್ವಾ ಲೈನ್ ಕೊಡದಿರುವುದು? ಅವರನ್ನೂ ಸೇರಿಸಿದರೆ ಲೆಕ್ಕ ಜಾಸ್ತಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಮಕ್ಕಳನ್ನು ಬಿಟ್ಟು ನಾನು ಸಹಿ ಹಾಕಲ್ಲ.

3ನೇ ಅಡ್ಡರಸ್ತೆ, ಮನೆ 40:
ಒಪ್ಪಿದೆ. ಶೆಡ್‌ಗಳಿಗೆ ನಾನೇ ಹೋಗಿ ಹೆಸರು ಬರೆದುಕೊಂಡು ಬರುತ್ತೇನೆ.

2ನೇ ಅಡ್ಡರಸ್ತೆ, ಮನೆ 27:
ಇನ್ನೊಂದು ಮಾತು. ಅಗೆಯುವ ಮುಂಚೆ ಕೇಬಲ್‌ನವರಿಗೆ ತಿಳಿಸಲೆಂದೇ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂದಿದೆ. ಚರಂಡಿ ಗುತ್ತಿಗೆದಾರರಿಗೆ ಅದನ್ನು ಬಳಸಲು ಹೇಳಿ ಅಂತ ಪಿಡಿಒ ಅವರಿಗೆ ಬರೆಯೋಣ. ಚರಂಡಿ ಮುಚ್ಚುವ ಮೊದಲು ಪಕ್ಕದಲ್ಲೇ ಕೇಬಲ್ ಎಳೆಯಲು ಖಾಲಿ ಪೈಪ್ ಹಾಕಿಸಿದರೆ ಮುಂದೆ ರಸ್ತೆ ಒಡೆಯಬೇಕಾಗಿಲ್ಲ.

1ನೇ ಅಡ್ಡರಸ್ತೆ, ಮನೆ 12:
ಭಾನುವಾರ ಬೆಳಿಗ್ಗೆ 10ಕ್ಕೆ ಗಣಪತಿ ಗುಡಿ ಮುಂದೆ ಸೇರೋಣ. ಅರ್ಜಿ ನಾನು ಬರೆದು ತರುತ್ತೇನೆ. ಪೈಪ್ ವಿಷಯ ಮೊದಲು ಹಾಕುತ್ತೇನೆ, ಗುಂಡಿ ಇನ್ನೂ ತೆರೆದೇ ಇದೆ.