0.05% ಡೆಲ್ಟಾಮೆಥ್ರಿನ್ ಹಾಳೆಯಲ್ಲಿ 96 ಸೊಳ್ಳೆ ಸತ್ತಿವೆ: ವರದಿಯಲ್ಲಿ ಏನು ಬರೆಯೋದು?

ಓವಿಟ್ರ್ಯಾಪ್: ಬೆಂಗಳೂರಿನ ಒಂದು ಬಡಾವಣೆಯಿಂದ ತಂದ ಮೊಟ್ಟೆಗಳಿಂದ ಬೆಳೆಸಿದ, ಡೆಂಗ್ಯೂ ಹರಡುವ ಈಡಿಸ್ ಈಜಿಪ್ಟೈ ಹೆಣ್ಣುಸೊಳ್ಳೆಗಳು, ವಯಸ್ಸು 3ರಿಂದ 5 ದಿನ, ರಕ್ತ ಕುಡಿದಿಲ್ಲ. ಡಬ್ಲ್ಯುಎಚ್‌ಒ ಪರೀಕ್ಷಾ ಟ್ಯೂಬಿನಲ್ಲಿ 0.05% ಡೆಲ್ಟಾಮೆಥ್ರಿನ್ (ಸೊಳ್ಳೆ ಕೊಲ್ಲುವ ಔಷಧಿ) ಸವರಿದ ಹಾಳೆ, ಒಂದು ಗಂಟೆ. 24 ಗಂಟೆಯ ನಂತರ 100ರಲ್ಲಿ 96 ಸತ್ತಿದ್ದವು. ಕಂಟ್ರೋಲ್‌ನಲ್ಲಿ (ಔಷಧಿ ಇಲ್ಲದ ಹಾಳೆ) 50ಕ್ಕೆ 4. ಔಷಧಿ ಕೆಲಸ ಮಾಡ್ತಿದೆ ಅಂತ ಬರೆಯಬಹುದಾ?

ಹೀರುನಳಿಕೆ: ದಯವಿಟ್ಟು ಬರೆಯಬೇಡಿ. 0.05% ಹಾಳೆ ಮಲೇರಿಯಾ ಹರಡುವ ಅನಾಫಿಲಿಸ್‌ಗೆ ನಿಗದಿಯಾದದ್ದು, ಈಡಿಸ್‌ಗೆ 0.03%. ಹೆಚ್ಚು ಡೋಸ್ ಕೊಟ್ಟರೆ ಅರೆಬರೆ ನಿರೋಧಕತೆ ಇರುವ ಸೊಳ್ಳೆಯೂ ಸಾಯುತ್ತೆ, ನಿಮಗೆ ಗೊತ್ತೇ ಆಗಲ್ಲ. ಇಷ್ಟು ಡೋಸಿಗೂ ನಾಲ್ಕು ಬದುಕಿವೆ ಅನ್ನೋದೇ ಇಲ್ಲಿ ಮುಖ್ಯ.

ಕಂಟ್ರೋಲ್ ಸಾವು 8%. 5ರಿಂದ 20ರ ನಡುವೆ ಇದ್ದರೆ ಅಬಾಟ್ ಲೆಕ್ಕ (ಔಷಧಿ ಇಲ್ಲದೆಯೂ ಸಾಯುವಷ್ಟನ್ನು ಕಳೆಯುವ ಸೂತ್ರ) ಹಾಕಬೇಕು: (96−8)÷(100−8), ಅಂದರೆ 95.7%. 98 ಅಥವಾ ಅದಕ್ಕಿಂತ ಹೆಚ್ಚಾದರೆ ಮಾತ್ರ ಔಷಧಿಗೆ ಬಗ್ಗುತ್ತೆ ಅನ್ನಬಹುದು. 90ಕ್ಕಿಂತ ಕಡಿಮೆ ಆದರೆ ನಿರೋಧಕತೆ ಖಚಿತ. ನಡುವೆ ಬಂದರೆ ಮತ್ತೆ ಪರೀಕ್ಷೆ. 0.03%ರ ಹೊಸ ಹಾಳೆ ತೆಗೆದುಕೊಳ್ಳಿ. ಒಂದು ಹಾಳೆಯನ್ನು ಆರು ಸಲಕ್ಕಿಂತ ಹೆಚ್ಚು ಬಳಸಬಾರದು. ಫ್ರಿಜ್‌ನಿಂದ ತೆಗೆದ ತಕ್ಷಣ ಬಳಸಬೇಡಿ, ಕೋಣೆಯ ಬಿಸಿಗೆ ಬರಲಿ. ಕಂಟ್ರೋಲ್ ಸೊಳ್ಳೆ ಸಾಯೋದಕ್ಕೆ ಸಾಮಾನ್ಯ ಕಾರಣ ಒಣ ಗಾಳಿ: ತೇವ 75% ಹತ್ತಿರ ಇರಲಿ, ಟ್ಯೂಬಿನ ಬಲೆ ಮೇಲೆ ಸಕ್ಕರೆ ನೀರಿನ ಹತ್ತಿ ಇಡಿ. ಎಣಿಸುವಾಗ ಕಾಲು ಉದುರಿದ್ದರೂ ಹಾರುವ ಸೊಳ್ಳೆ ಬದುಕಿದ್ದೇ. ಬಿದ್ದು ಒದ್ದಾಡುತ್ತಾ ನಿಲ್ಲಲಾಗದೆ ಇದ್ದರೆ ಸತ್ತಂತೆ ಲೆಕ್ಕ.

ಲಾರ್ವಾತಟ್ಟೆ: ಜೊತೆಗೆ ಪಿಬಿಒ (ಸೊಳ್ಳೆಯ ಪಿ450 ಕಿಣ್ವವನ್ನು ತಡೆಯುವ ರಾಸಾಯನಿಕ) 4% ಹಾಳೆಯಲ್ಲಿ ಒಂದು ಗಂಟೆ ಇಟ್ಟು, ಆಮೇಲೆ 0.03%ಗೆ ಬಿಡಿ. ಸಾವು ಏರಿದರೆ ಔಷಧಿಯನ್ನು ಕರಗಿಸುವ ಪಿ450 ಕಿಣ್ವದ ಕೈವಾಡ. ಏರದಿದ್ದರೆ ನರದ ಸೋಡಿಯಂ ಚಾನೆಲ್ಲೇ ಬದಲಾಗಿರಬಹುದು. ಬೆಂಗಳೂರಿನ ಈಡಿಸ್‌ನಲ್ಲಿ ಈ ಚಾನೆಲ್ಲಿನ ಎಫ್1534ಸಿ, ಎಸ್989ಪಿ, ವಿ1016ಜಿ ಎಂಬ ಬದಲಾವಣೆಗಳ ಜೊತೆಗೆ ಎಫ್1534ಎಲ್ ಎಂಬ ಹೊಸ ಬದಲಾವಣೆಯೂ 2020ರಲ್ಲಿ ವರದಿಯಾಗಿದೆ.

ಓವಿಟ್ರ್ಯಾಪ್: ಹಾಗಾದರೆ ಫಾಗಿಂಗ್‌ನವರಿಗೆ ಏನು ಹೇಳೋದು? ಸೈಫೆನೋಥ್ರಿನ್‌ಗೆ ಬದಲಾಯಿಸ್ತೀವಿ ಅಂತಾರೆ.

ಹೀರುನಳಿಕೆ: ಅದೂ ಡೆಲ್ಟಾಮೆಥ್ರಿನ್ ಥರ ಪೈರೆಥ್ರಾಯ್ಡ್ ಗುಂಪಿನದೇ. ಹೆಸರು ಬೇರೆ, ಕುಲ ಒಂದೇ. ಕೆಟ್ಟ ಬೀಗಕ್ಕೆ ಇನ್ನೊಂದು ಕೀಲಿ ಹಾಕಿದ ಹಾಗೆ. ಬೇರೆ ಗುಂಪಿನ ಮ್ಯಾಲಥಿಯಾನ್ ಇದೆ, ಆದರೆ ಅದನ್ನೂ ಮೊದಲು ಟ್ಯೂಬಿನಲ್ಲಿ ನೋಡಿ. ಲಾರ್ವಾಗೆ ಬಿಟಿಐ (ಲಾರ್ವಾ ಕೊಲ್ಲುವ ಬ್ಯಾಕ್ಟೀರಿಯಾ) ಕೊಡಿ: ಒಂದರಲ್ಲೇ ಹಲವು ವಿಷ ಪ್ರೊಟೀನ್‌ಗಳಿವೆ, ಸೊಳ್ಳೆಗೆ ಎಲ್ಲವನ್ನೂ ಒಟ್ಟಿಗೆ ಜಯಿಸೋದು ಕಷ್ಟ. ನೀರಿನ ಡ್ರಮ್ ಬರಿದು ಮಾಡಿದರೆ ಸಾಲದು. ನೀರಿನ ಗೆರೆಯ ಮೇಲೆ ಮೊಟ್ಟೆ ಕರಿ ಚುಕ್ಕೆಗಳಂತೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ. ವಾರಕ್ಕೊಮ್ಮೆ ಆ ಗೆರೆಯನ್ನೇ ತೆಂಗಿನ ನಾರಿನಲ್ಲಿ ಉಜ್ಜಿ ತೊಳೆಯಲು ಹೇಳಿ.