ಭಜನಾ ಮಂಡಳಿಯಿಂದ ಏರಿಯಲ್ ಸಿಲ್ಕ್ + ಹಗ್ಗದ ಮಲ್ಲಕಂಬ ಶಾಲೆ (ಮೈಸೂರು): ಕೊಂಡಿ, ಬಟ್ಟೆ, ಟೀಚರ್ ವಿಷಯದಲ್ಲಿ ಏನೇನು ನೋಡ್ಬೇಕು?

ಕುವೆಂಪುನಗರ_ಭಜನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮಂಡಳಿ ಕಡೆಯಿಂದ 8ರಿಂದ 14 ವರ್ಷದ ಮಕ್ಕಳಿಗೆ ಏರಿಯಲ್ ಸಿಲ್ಕ್ (ಮೇಲಿಂದ ಇಳಿಬಿಟ್ಟ ಬಟ್ಟೆ ಹತ್ತಿ ಮಾಡೋ ಕಸರತ್ತು) ಮತ್ತು ಹಗ್ಗದ ಮಲ್ಲಕಂಬ (ಇಳಿಬಿಟ್ಟ ಹಗ್ಗದ ಮೇಲಿನ ಕಸರತ್ತು) ಹೇಳಿಕೊಡೋ ಶಾಲೆ ತೆಗೆಯೋ ಯೋಚನೆ ನಡೀತಿದೆ. ಹನುಮಂತನ ಫೋಟೋ ಮುಂದೆ ದೀಪ ಹಚ್ಚಿ, ಒಂದು ಸ್ತೋತ್ರ ಹೇಳಿ ಕ್ಲಾಸ್ ಶುರು. ಪ್ರದರ್ಶನ ಸಿನಿಮಾ ಹಾಡಿಗಲ್ಲ, ದಾಸರ ಪದಗಳಿಗೆ.

ಜಾಗ ಎರಡು ನೋಡಿದ್ದೇವೆ. ಒಂದು ಕುವೆಂಪುನಗರದಲ್ಲಿ ಮನೆ ಮೇಲಿನ ಹಾಲ್: ಆರ್‌ಸಿಸಿ ಸೂರು, ಹತ್ತೂವರೆ ಅಡಿ ಎತ್ತರ, ಹಳೇ ಉಯ್ಯಾಲೆ ಕೊಂಡಿಗಳು ಗಟ್ಟಿಯಾಗೇ ಇವೆ. ಇನ್ನೊಂದು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶೀಟಿನ ಶೆಡ್: ನಡುವೆ 20 ಅಡಿ ಎತ್ತರ, ಪೈಪ್ ಟ್ರಸ್ (ಶೀಟು ಹೊರೋ ಪೈಪಿನ ಚೌಕಟ್ಟು). ಬ್ಯಾಚಿಗೆ 12 ಮಕ್ಕಳು ಅಂದುಕೊಂಡಿದ್ದೇವೆ. ಕಲಿಸೋಕೆ ಇಬ್ಬರು ಮುಂದೆ ಬಂದಿದ್ದಾರೆ. ಒಬ್ಬರು 200 ಗಂಟೆಯ ಯೋಗ ಸರ್ಟಿಫಿಕೇಟ್ ಇರೋ ಏರಿಯಲ್ ಯೋಗ ಟೀಚರ್, ಇನ್ನೊಬ್ಬರು ಬಾಗಲಕೋಟೆ ಕಡೆಯ ಮಲ್ಲಕಂಬದವರು. ಉಯ್ಯಾಲೆ ಕೊಂಡಿ ಸಾಕಾ? ಬಟ್ಟೆ ಯಾವುದು ತರಬೇಕು? ಈ ಇಬ್ಬರನ್ನ ನಂಬಿ ಮಕ್ಕಳನ್ನ ಬಿಡಬಹುದಾ ಅಂತ ಹೇಗೆ ತಿಳಿಯೋದು?

ಮೇಟಗಳ್ಳಿ_ಸ್ಟ್ರಕ್ಚರಲ್

ಸರ್, ಉಯ್ಯಾಲೆ ಕೊಂಡಿ ಮರೆತುಬಿಡಿ. ಉಯ್ಯಾಲೆಗೆ ನಾಲ್ಕು ಕೊಂಡಿ, ಕೂತವರ ಭಾರ ನಾಲ್ಕಕ್ಕೂ ಹಂಚಿಹೋಗುತ್ತೆ, ತೂಗೋದೂ ಮೆಲ್ಲಗೆ. ಸಿಲ್ಕ್‌ನಲ್ಲಿ ಇಡೀ ಆಳು ಒಂದೇ ಪಾಯಿಂಟಿಗೆ ಜೋತು ಬಿದ್ದಿರ್ತಾನೆ. ಡ್ರಾಪ್‌ನಲ್ಲಿ (ಬಟ್ಟೆ ಸುತ್ತಿಕೊಂಡು ಮೇಲಿಂದ ಕೈಬಿಟ್ಟು ಬೀಳೋದು) ಉರುಳಿ ಬಂದು ಗಕ್ಕನೆ ನಿಂತಾಗ ಮೈತೂಕದ ನಾಲ್ಕೈದು ಪಟ್ಟು ಎಳೆತ ಬರುತ್ತೆ, ಅಡ್ಡಾದಿಡ್ಡಿ ಬಿದ್ದರೆ ಇನ್ನೂ ಜಾಸ್ತಿ. 70 ಕೆಜಿಯ ಟೀಚರ್ ಅಂದ್ರೆ 350 ಕೆಜಿ. ಅದೂ ಒಂದು ಸಲ ಅಲ್ಲ, ದಿನಾ. ಅದಕ್ಕೇ ಒಂದೊಂದು ಪಾಯಿಂಟಿಗೂ 10 ಕಿಲೋನ್ಯೂಟನ್, ಅಂದ್ರೆ ಸುಮಾರು ಒಂದು ಟನ್, ಅಂತ ಹಿಡಿದು ಲೆಕ್ಕ ಹಾಕ್ತಾರೆ. ಫ್ಯಾನ್ ಹುಕ್ ಬಗ್ಗೆ ಯಾರಾದ್ರೂ ಹೇಳಿದ್ರೆ ಕೇಳಿಸಿಕೊಳ್ಳಲೇಬೇಡಿ.

ಸೂರಿಗೆ ಆಂಕರ್ ಫಾಸ್ಟನರ್ (ತೂತಿನೊಳಗೆ ಹಿಗ್ಗಿ ಕೂರೋ ಬೋಲ್ಟ್) ಹೊಡೆಯೋದೂ ನನಗೆ ಸರಿ ಕಾಣಲ್ಲ. ಮನೆ ಸ್ಲ್ಯಾಬ್ 4ರಿಂದ 5 ಇಂಚು ದಪ್ಪ ಇರುತ್ತೆ. ಭಾರ ಬಿದ್ದಾಗ ಅದರ ಕೆಳಮೈ ಹಿಗ್ಗುತ್ತೆ, ಕಣ್ಣಿಗೆ ಕಾಣದಂಥ ಬಿರುಕು ಇರೋದೂ ಆ ಕಡೆಯೇ. ಫಾಸ್ಟನರ್ ತೂತಿನ ಗೋಡೆಯನ್ನ ಒತ್ತಿ ಹಿಡಿದೇ ನಿಂತಿರೋದು. ಜಗ್ಗಿ ಜಗ್ಗಿ ಬಿಟ್ಟರೆ ಹಿಡಿತ ಸಡಿಲ ಆಗುತ್ತೆ, ಹೊರಗಿಂದ ನೋಡಿದ್ರೆ ಗೊತ್ತೂ ಆಗಲ್ಲ. ಕೆಮಿಕಲ್ ಆಂಕರ್ (ಅಂಟು ತುಂಬಿ ಕೂರಿಸೋ ಬೋಲ್ಟ್) ಆದ್ರೆ ತೂತಿನೊಳಗಿನ ಧೂಳನ್ನ ಬ್ರಷ್ ಹಾಕಿ, ಊದಿ ಪೂರ್ತಿ ತೆಗೀಬೇಕು. ತಲೆ ಮೇಲೆ ಕೈಯೆತ್ತಿ ಡ್ರಿಲ್ ಮಾಡೋ ಹುಡುಗರು ಅಷ್ಟು ತಾಳ್ಮೆ ತೋರಿಸೋದು ಅಪರೂಪ. ಸಿಲ್ಕ್‌ಗೆ ಹತ್ತೂವರೆ ಅಡಿ ಹೇಗೂ ಸಾಲಲ್ಲ, 15-16 ಅಡಿ ಬೇಕು.

ಹಾಗಾಗಿ ಶೆಡ್. ಆದ್ರೆ ಆ ಟ್ರಸ್ಸಿಗೂ ಕಟ್ಟಬೇಡಿ. ಬಾಡಿಗೆ ಶೆಡ್‌ಗಳ ಟ್ರಸ್ ಮಾಡಿರೋದು ಶೀಟಿನ ಭಾರಕ್ಕೆ ಮತ್ತು ಗಾಳಿಗೆ. ಪೈಪ್‌ಗಳು ಕೂಡೋ ಜಾಯಿಂಟ್ ಬಿಟ್ಟು ಕೆಳಗಿನ ಪೈಪಿನ ಮಧ್ಯದಲ್ಲಿ ಜೋತುಹಾಕಿದ್ರೆ ಪೈಪ್ ಅಲ್ಲೇ ಬಾಗುತ್ತೆ. ಪರ್ಲಿನ್ (ಶೀಟಿನ ಕೆಳಗಿನ ಅಡ್ಡಪಟ್ಟಿ) ಅಂತೂ ಲೆಕ್ಕಕ್ಕೇ ಇಲ್ಲ. ಶೆಡ್ ಒಳಗೆ ಬೇರೆಯದೇ ಫ್ರೇಮ್ ನಿಲ್ಲಿಸಿ: ಎರಡು ಕಂಬ, ಮೇಲೆ ಐ ಬೀಮ್ (I ಆಕಾರದ ಉಕ್ಕಿನ ತೊಲೆ), ಬೇಸ್ ಪ್ಲೇಟು ಕಾಂಕ್ರೀಟ್ ಫೂಟಿಂಗಿಗೆ ಬೋಲ್ಟ್, ಅಕ್ಕಪಕ್ಕ ವಾಲದ ಹಾಗೆ ಬ್ರೇಸಿಂಗ್. 4 ಮೀಟರ್ ಅಂತರದ ನಡುಮಧ್ಯೆ 10 ಕಿಲೋನ್ಯೂಟನ್ ಎಳೆದ್ರೆ ಐಎಸ್‌ಎಂಬಿ 150 (150 ಮಿ.ಮೀ. ಎತ್ತರದ ಐ ಬೀಮ್) ಸುಮಾರು 9 ಮಿ.ಮೀ. ಬಾಗುತ್ತೆ, ಐಎಸ್‌ಎಂಬಿ 200 ಆದ್ರೆ 3 ಮಿ.ಮೀ. ಎರಡೂ ಮುರಿಯಲ್ಲ, ಆದ್ರೆ 150ರಲ್ಲಿ ಒಬ್ಬರು ಡ್ರಾಪ್ ಮಾಡಿದಾಗಲೆಲ್ಲ ಪಕ್ಕದ ಬಟ್ಟೆಯಲ್ಲಿರೋ ಮಗು ಅದುರುತ್ತೆ. 200 ಹಾಕಿ. ಪಾಯಿಂಟಿನಿಂದ ಪಾಯಿಂಟಿಗೆ 8 ಅಡಿ, ಗೋಡೆಯಿಂದ 6 ಅಡಿ ಬಿಡಿ. ಡ್ರಾಯಿಂಗಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕಿಸಿಕೊಳ್ಳಿ, ಈ ಪೋಸ್ಟ್ ನೋಡಿ ಕಟ್ಟಬೇಡಿ.

ಇನ್ನೊಂದು, ವೆಲ್ಡಿಂಗ್ ಅಂಗಡಿಯವರು 12 ಎಂಎಂ ಟಿಎಂಟಿ ಕಂಬಿ ಬಗ್ಗಿಸಿ ಬೀಮಿಗೆ ಕೊಂಡಿ ಬೆಸೆದುಕೊಡ್ತಾರೆ. ಬೇಡ. ಆ ಕಂಬಿಯ ಬಲ ಅದರ ಗಡಸಾದ ಹೊರಮೈಯಲ್ಲಿದೆ, ವೆಲ್ಡಿಂಗ್ ಬಿಸಿಗೆ ಅದೇ ಹಾಳಾಗುತ್ತೆ. ಬೀಮಿನ ಸುತ್ತ ರೇಟಿಂಗ್ ಇರೋ ರೌಂಡ್ ಸ್ಲಿಂಗ್ (ಭಾರ ಎತ್ತೋಕೆ ಬಳಸೋ ಬಳೆಯಾಕಾರದ ಗಟ್ಟಿ ಪಟ್ಟಿ) ಸುತ್ತಿ, ಬೀಮಿನ ಅಂಚಿಗೆ ದಪ್ಪ ರಬ್ಬರ್ ಇಡಿ. ಅಂಚು ಸ್ಲಿಂಗನ್ನ ಸದ್ದಿಲ್ಲದೆ ಕೊಯ್ಯುತ್ತೆ.

ಸಿಲ್ಕ್_ಮೇಷ್ಟ್ರು

ಮೇಲಿನವರು ಸೀಲಿಂಗ್ ಫ್ಯಾನಿನ ಮಾತು ಬಿಟ್ಟರು. ಬಟ್ಟೆ ತೂಗಾಡೋ ವ್ಯಾಪ್ತಿಯಲ್ಲಿ ಒಂದು ಫ್ಯಾನೂ ಇರಬಾರದು. ಕೆಳಗೆ ಬಿಟ್ಟ ತುದಿ ಗಾಳಿಗೆ ಎದ್ದು ರೆಕ್ಕೆಗೆ ಸುತ್ತಿಕೊಂಡರೆ ಬಟ್ಟೆಯಲ್ಲಿರೋ ಮಗುವನ್ನೂ ಎಳೆಯುತ್ತೆ. ಗೋಡೆ ಫ್ಯಾನ್ ಹಾಕಿಸಿ.

ಬಟ್ಟೆ: ನೈಲಾನ್ ಟ್ರೈಕಾಟ್ (ಹೆಣೆದ ನೈಲಾನ್ ಬಟ್ಟೆ), 40 ಡೆನಿಯರ್ (ದಾರದ ದಪ್ಪದ ಅಳತೆ), ಅಗಲ 108 ಇಂಚು. ಸ್ವಲ್ಪ ಮಾತ್ರ ಹಿಗ್ಗಬೇಕು. ಪೂರ್ತಿ ಲೈಕ್ರಾ ತಂದ್ರೆ ಮಕ್ಕಳು ಒಂದಡಿ ಹತ್ತೋದು, ಅರ್ಧ ಅಡಿ ಇಳಿಯೋದು. ರೇಷ್ಮೆ, ಸ್ಯಾಟಿನ್, ಸೀರೆ ಬಟ್ಟೆ ಯಾವುದೂ ಬೇಡ. ಮೈಸೂರಿನಲ್ಲಿ ಸಿಲ್ಕ್ ಅಂದ್ರೆ ಜನ ನಿಜವಾದ ರೇಷ್ಮೆಯನ್ನೇ ಹುಡುಕಿಕೊಂಡು ಹೋಗ್ತಾರೆ! ಉದ್ದದ ಲೆಕ್ಕ: 16 ಅಡಿಯ ಪಾಯಿಂಟಿಗೆ ಒಂದೊಂದು ಬಾಲ (ಮಧ್ಯಕ್ಕೆ ಮಡಚಿ ಕಟ್ಟಿದ ಬಟ್ಟೆಯ ಒಂದೊಂದು ಪಕ್ಕ) 16 ಅಡಿ, ನೆಲದ ಮೇಲೆ 3 ಅಡಿ, ಅದರ ಎರಡರಷ್ಟು, ಕಟ್ಟೋಕೆ ಒಂದಿಷ್ಟು. 12 ಮೀಟರ್ ತಂದ್ರೆ ಸರಿಹೋಗುತ್ತೆ.

ತೂಗುಹಾಕೋ ಕ್ರಮ ಮೇಲಿಂದ ಕೆಳಕ್ಕೆ ಹೀಗೆ: ಸ್ಲಿಂಗ್, ಸ್ಟೀಲ್ ಕ್ಯಾರಬಿನರ್ (ತಿರುಪು ಹಾಕಿ ಮುಚ್ಚೋ ಕೊಂಡಿ), ಸ್ವಿವೆಲ್ (ಸುತ್ತ ತಿರುಗೋ ಕೊಂಡಿ), ಇನ್ನೊಂದು ಕ್ಯಾರಬಿನರ್, ರೆಸ್ಕ್ಯೂ ಎಂಟು (8ರ ಆಕಾರದ ಲೋಹದ ಜೋಡಿ ಬಳೆ), ಬಟ್ಟೆ. ಪ್ರತಿಯೊಂದರ ಮೇಲೂ ಕೆಎನ್ (ಕಿಲೋನ್ಯೂಟನ್) ಅಂಕಿ ಕೊರೆದಿರಬೇಕು, 22ಕ್ಕೆ ಕಮ್ಮಿ ಬೇಡ. ನೇತಾಡೋ ಮೈತೂಕಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ ಬಳಸೋದು ರೂಢಿ, ಅಂದ್ರೆ ಕೈಗೆ ಸಿಗೋದು ಸುಮಾರು 220 ಕೆಜಿ; ಡ್ರಾಪಿನ ಎಳೆತಕ್ಕೆ ಉಳಿದ ಪಾಲು. ಕೀ ಚೈನಿಗೆ ಮಾರೋ ಬಣ್ಣಬಣ್ಣದ ಕೊಂಡಿ ನೋಡೋಕೆ ಥೇಟ್ ಹಾಗೇ ಇರುತ್ತೆ, ಅಂಕಿ ಇರಲ್ಲ. ಕ್ಯಾರಬಿನರಿನ ತಿರುಪು ಕೆಳಮುಖವಾಗಿ ಮುಚ್ಚೋ ಹಾಗೆ ಹಾಕಿ. ಮೇಲ್ಮುಖ ಹಾಕಿದ್ರೆ ಅದುರಿ ಅದುರಿ ತಾನೇ ಬಿಚ್ಚಿಕೊಳ್ಳುತ್ತೆ.

ಎಂಟಿಗೆ ಕಟ್ಟೋದು: ಬಟ್ಟೆಯ ಸರಿಯಾದ ಮಧ್ಯ ಹುಡುಕಿ ಗುರುತು ಹಾಕಿ. ಅಗಲವನ್ನ ನೆರಿಗೆ ಹಿಡಿದು ಕೂಡಿಸಿ, ಮಡಿಕೆಯನ್ನ ದೊಡ್ಡ ಬಳೆಯೊಳಗೆ ತೂರಿಸಿ, ಚಿಕ್ಕ ಬಳೆಯ ಮೇಲಿಂದ ದಾಟಿಸಿ ಕುತ್ತಿಗೆಗೆ ಕೂರಿಸಿ, ಎರಡೂ ಬಾಲ ಒಟ್ಟಿಗೆ ಜಗ್ಗಿ. ಚಿಕ್ಕ ಬಳೆ ಕ್ಯಾರಬಿನರಿಗೆ. ನೆರಿಗೆ ತಿರುಚಿಕೊಂಡಿದ್ರೆ ಭಾರ ಬಟ್ಟೆಯ ಒಂದೇ ಅಂಚಿಗೆ ಬಿದ್ದು ಅಲ್ಲೇ ಸವೆಯುತ್ತೆ. ಪ್ರತಿ ವಾರ ಇಳಿಸಿ, ಆ ಕುತ್ತಿಗೆಯ ಜಾಗವನ್ನ ಬೆಳಕಿಗೆ ಹಿಡಿದು ನೋಡಿ. ತೂತು ಕಂಡ್ರೆ ಹೊಲಿಯೋದಿಲ್ಲ, ಕತ್ತರಿಸಿ ಬೇರೆ ಕೆಲಸಕ್ಕೆ ಹಾಕೋದು. ಒಗೆಯೋದು ತಣ್ಣೀರಿನಲ್ಲಿ, ಜಡೆ ಹೆಣೆದು ಜಾಲರಿ ಚೀಲದಲ್ಲಿಟ್ಟು. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ನೈಲಾನ್ ಸಾಯುತ್ತೆ.

ಮ್ಯಾಟ್: ಕರಾಟೆ ಕ್ಲಾಸಿನ ಜೋಡಿಸೋ ಮ್ಯಾಟು ಮೊಣಕಾಲಿಗೆ ಸರಿ, ಬೀಳೋಕಲ್ಲ. ಡ್ರಾಪ್ ಕಲಿಸೋ ಬಟ್ಟೆಯ ಕೆಳಗೆ 8ರಿಂದ 12 ಇಂಚಿನ ಕ್ರ್ಯಾಶ್ ಮ್ಯಾಟ್ ಬೇಕು. ತಲೆ ಕೆಳಗಾಗಿ ಬಿದ್ದವರ ಕುತ್ತಿಗೆಯನ್ನ ಅದೂ ಕಾಯಲ್ಲ ಅನ್ನೋದು ಪೋಷಕರಿಗೆ ಮೊದಲೇ ಹೇಳಿ.

ಟೀಚರ್ ವಿಷಯಕ್ಕೆ ಬಂದ್ರೆ, 200 ಗಂಟೆಯ ಯೋಗ ಸರ್ಟಿಫಿಕೇಟಿನಲ್ಲಿ ರಿಗ್ಗಿಂಗೂ (ಬಟ್ಟೆ ತೂಗುಹಾಕೋ ವಿದ್ಯೆ) ಇಲ್ಲ, ಎತ್ತರದಲ್ಲಿರೋ ಮಗುವನ್ನ ಹಿಡಿಯೋದೂ ಇಲ್ಲ. ಸೊಂಟದೆತ್ತರದ ಹ್ಯಾಮಕ್ಕಿಗೆ (ಜೋಲಿಯ ಹಾಗೆ ಕಟ್ಟಿದ ಬಟ್ಟೆ) ಅವರು ಸರಿಯಿರಬಹುದು, 16 ಅಡಿಯ ಸಿಲ್ಕ್ ಬೇರೆಯೇ ವಿದ್ಯೆ. ಅವರು ಏನು ಮಾಡಬಲ್ಲರು ಅಂತ ವಿಡಿಯೋ ನೋಡಬೇಡಿ, ಕೆಲಸ ಕೊಟ್ಟು ನೋಡಿ. ಕಾಲಿಗೆ ಬಟ್ಟೆ ಸುತ್ತಿಕೊಂಡು ತಲೆಕೆಳಗಾಗಿ ಸಿಕ್ಕಿಬಿದ್ದ ಮಗುವನ್ನ ಹೇಗೆ ಇಳಿಸ್ತೀರಿ? ಉತ್ತರ ಹೀಗಿರಬೇಕು: ಏಣಿ ಕೋಣೆಯಲ್ಲೇ ಇದೆ, ಒಬ್ಬರು ಹತ್ತಿ ಹೆಗಲು ಕೊಟ್ಟು ಮಗುವಿನ ಭಾರ ಎತ್ತಿ ಬಟ್ಟೆ ಸಡಿಲ ಮಾಡ್ತಾರೆ, ಇನ್ನೊಬ್ಬರು ಸುತ್ತು ಬಿಚ್ಚುತ್ತಾರೆ. ‘ಕತ್ತರಿ’ ಅಂತ ಶುರು ಮಾಡಿದ್ರೆ ಬೇಡ. ಆಮೇಲೆ ಒಂದು ಡ್ರಾಪನ್ನ ನೆಲದ ಮೇಲೆ ನಿಂತು ಬರೀ ಮಾತಲ್ಲಿ ಹೇಳಿಸಿ. ಮಕ್ಕಳು ಟೀಚರನ್ನ ಕನ್ನಡಿಯ ಹಾಗೆ ನೋಡಿ ಎಡವನ್ನ ಬಲ ಮಾಡಿಕೊಳ್ತಾರೆ, ಒಂದು ಸುತ್ತು ಬಿಟ್ಟುಹೋಗುತ್ತೆ. ಕೈ ಬಿಟ್ಟಾಗ ಬಟ್ಟೆ ಹಿಡಿಯಲ್ಲ, ನೇರ ನೆಲಕ್ಕೆ. ಅದಕ್ಕೇ ಕೈ ಬಿಡೋ ಮುಂಚೆ ಮಗು ಯಾವ ಕಾಲು, ಎಷ್ಟು ಸುತ್ತು ಅಂತ ಗಟ್ಟಿಯಾಗಿ ಹೇಳಬೇಕು, ಟೀಚರ್ ‘ಹೂಂ’ ಅನ್ನಬೇಕು. ಈ ಪದ್ಧತಿ ಇಲ್ಲದವರ ಹತ್ತಿರ ಡ್ರಾಪ್ ಕಲಿಸಬೇಡಿ.

12 ಮಕ್ಕಳಿಗೆ ಒಬ್ಬರೇ ಟೀಚರ್ ಆಗಲ್ಲ. ಒಬ್ಬರಿಗೆ ಆರು, ಗಾಳಿಯಲ್ಲಿ ಒಂದು ಹೊತ್ತಿಗೆ ಎರಡೇ ಬಟ್ಟೆ.

ಮಂಡ್ಯ_ಗರಡಿ

ಮಲ್ಲಕಂಬದವರು ಸಿಕ್ಕಿರೋದು ಒಳ್ಳೇದಾಯ್ತು ಅಣ್ಣ. ಗದಗ, ಬಾಗಲಕೋಟೆ ಕಡೆ ಅದು ಇನ್ನೂ ಗಟ್ಟಿಯಾಗಿದೆ, ನಮ್ಮ ಕಡೆ ಗರಡಿ ಅಂದ್ರೆ ಕುಸ್ತಿನೇ. ಆದ್ರೆ ಕಂಬದ ವಿದ್ಯೆ, ಹಗ್ಗದ ವಿದ್ಯೆ, ಬಟ್ಟೆಯ ವಿದ್ಯೆ ಮೂರೂ ಬೇರೆ ಬೇರೆ. ಅವರು ಯಾವುದರಲ್ಲಿ ಪಳಗಿದವರು ಅಂತ ಮೊದಲು ಕೇಳಿ. ಹಗ್ಗ ಹತ್ತಿಯದೇ ಆಗಬೇಕು, ಸುಮಾರು 5.5 ಮೀಟರ್ ಉದ್ದ, ಹೆಬ್ಬೆರಳ ಗಾತ್ರ. ನೈಲಾನ್ ಹಗ್ಗ ತೊಡೆ ಸುಡುತ್ತೆ. ಹಿಡಿತ ಶುರುವಾಗೋದೇ ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಿಂದ. ಗಂಟು ಹಾಕೋ ಹಾಗಿಲ್ಲ, ಸುತ್ತು ಮಾತ್ರ. ಅದರಿಂದ ಒಂದು ಲಾಭ: ಹಗ್ಗದಲ್ಲಿ ಪಳಗಿದ ಮಗುವಿಗೆ ಯಾವ ಸುತ್ತು ಹಿಡಿಯುತ್ತೆ, ಯಾವುದು ಬಿಡುತ್ತೆ ಅನ್ನೋದು ಮೈಗೆ ಗೊತ್ತಿರುತ್ತೆ.

ಕಂಬಕ್ಕೆ ಹರಳೆಣ್ಣೆ ಹಚ್ಚಿ ಆಡ್ತಾರಲ್ಲ, ಆ ಕೈ ಸಿಲ್ಕ್ ಮುಟ್ಟಬಾರದು. ಕಂಬಕ್ಕೆ ಒಂದು ದಿನ, ಬಟ್ಟೆಗೆ ಇನ್ನೊಂದು ದಿನ ಇಟ್ಟರೆ ತಲೆನೋವಿಲ್ಲ. ಶನಿವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಬರೋ ಮಕ್ಕಳೂ ಅಷ್ಟೇ: ಹಿಂದಲೆ ತಗುಲಿದ ಜಾಗದಲ್ಲಿ ಮುಂದಿನವರ ಕೈ ಜಾರುತ್ತೆ. ಜಾರಿದ್ರೆ ಪಿಟೀಲಿನವರು ಕಮಾನಿಗೆ ತಿಕ್ಕೋ ರೋಸಿನ್ನನ್ನ ಪುಡಿ ಮಾಡಿ ಅಂಗೈಗೆ ಹಚ್ಚಬಹುದು. ಎಣ್ಣೆ ಮೇಲೆ ಹಚ್ಚಿದ್ರೆ ಮಾತ್ರ ಅಂಟು ಕೆಸರಾಗುತ್ತೆ.

ಈಗ ದೇವರ ವಿಷಯ. ದೀಪ ಇರಲಿ, ಆದ್ರೆ ಬಟ್ಟೆ ತೂಗಾಡಿ ಮುಟ್ಟಲಾರದಷ್ಟು ದೂರದ ಗೋಡೆಗೆ, ಗೂಡಿನೊಳಗೆ. ನೈಲಾನ್ ಹತ್ತಿಯ ಹಾಗೆ ಸುಟ್ಟು ಬೂದಿಯಾಗಲ್ಲ, ಕರಗಿ ಮೈಗೆ ಅಂಟುತ್ತೆ. ಊದುಬತ್ತಿಯ ಕಿಡಿ ತಾಗಿದ್ರೂ ಕಾಳಿನಷ್ಟು ತೂತು. ಪೂಜೆ ಮುಗಿಯೋವರೆಗೆ ಬಟ್ಟೆಯನ್ನ ಮೇಲೆತ್ತಿ ಕಟ್ಟಿರಿ, ದೀಪ ಶಾಂತ ಮಾಡಿದ ಮೇಲೆ ಇಳಿಸಿ. ಅಂಗೈಲಿ ಕುಂಕುಮ, ವಿಭೂತಿ ಉಳಿಯೋ ಹಾಗಿಲ್ಲ.

ಮೈಮೇಲಿನ ದಾರಗಳೇ ದೊಡ್ಡ ತಕರಾರು. ಜನಿವಾರ, ಕಾಶಿದಾರ, ತಾಯತ, ಉಡಿದಾರ, ಕೊರಳ ಸರ. ತಲೆಕೆಳಗಾದಾಗ ಕೊರಳಲ್ಲಿರೋದೆಲ್ಲ ಮುಖಕ್ಕೆ ಬರುತ್ತೆ, ಬಟ್ಟೆಗೆ ಸಿಕ್ಕಿಕೊಂಡ್ರೆ ಉಸಿರು ಕಟ್ಟುತ್ತೆ. ಉಡಿದಾರದ ಮೇಲೆ ಸಿಲ್ಕಿನ ಸುತ್ತು ಬಿದ್ರೆ ಸೊಂಟ ಕೊಯ್ದ ಹಾಗಾಗುತ್ತೆ. ತೆಗೀಬಹುದಾದ್ದನ್ನ ದೇವರ ಮುಂದಿನ ತಟ್ಟೆಯಲ್ಲಿ ಇಡಿಸಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ತೆಗೆಯದೇ ಇರೋದನ್ನ ಬಿಗಿ ಬನಿಯನ್ನಿನೊಳಗೆ ಸೇರಿಸಿ ಟೇಪ್ ಹಾಕಿ. ಉಂಗುರಕ್ಕೆ ಮಾತ್ರ ರಿಯಾಯಿತಿ ಇಲ್ಲ.

ಸ್ತೋತ್ರವನ್ನ ಎಲ್ಲರ ಬಾಯಲ್ಲೂ ಹೇಳಿಸಬೇಕಾ ಅನ್ನೋದನ್ನೂ ಯೋಚಿಸಿ. ಮೈಸೂರಿನ ಗರಡಿಗಳಲ್ಲಿ ಹಿಂದೂ ಪೈಲ್ವಾನರೂ ಮುಸ್ಲಿಂ ಪೈಲ್ವಾನರೂ ಅದೇ ಮಟ್ಟಿಗೆ (ಕುಸ್ತಿಯ ಮಣ್ಣಿನ ಅಖಾಡಕ್ಕೆ) ಇಳಿದು ಬೆಳೆದವರು, ಹನುಮಂತ ಅಲ್ಲೇ ಇದ್ದಾನೆ. ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋದು ಅವರವರಿಗೆ ಬಿಟ್ಟಿದ್ದು. ಹಾಗೇ ಇಲ್ಲೂ ಮಗು ಬಟ್ಟೆ ಮುಟ್ಟಿ ನಮಸ್ಕಾರ ಮಾಡಿ ಹತ್ತಲಿ. ಆ ಹೊತ್ತಲ್ಲೇ ಟೀಚರ್ ಬಟ್ಟೆಯನ್ನ ಮೇಲಿಂದ ಕೆಳಗೆ ಕೈಯಾಡಿಸಿ ನೋಡೋ ನಿಯಮ ಇಟ್ಟುಬಿಡಿ.

ಕುವೆಂಪುನಗರ_ಭಜನೆ

ತುಂಬಾ ಧನ್ಯವಾದ. ಮೇಲಿನ ಹಾಲ್ ಕೈಬಿಟ್ಟೆವು. ಇನ್ನೆರಡು ಪ್ರಶ್ನೆ: ತಾಯಂದಿರಿಗೂ ಒಂದು ಬ್ಯಾಚ್ ಕೇಳ್ತಿದ್ದಾರೆ, ಮಾಂಗಲ್ಯ, ಕಾಲುಂಗುರದ ಕಥೆ ಏನು? ದಸರಾ ಸಮಯದಲ್ಲಿ ಬಯಲು ವೇದಿಕೆ ಸಿಕ್ಕಿದ್ರೆ ಲೈಟ್ ಹಾಕೋ ಟ್ರಸ್ಸಿಗೇ ಕಟ್ಟಬಹುದಾ?

ಸಿಲ್ಕ್_ಮೇಷ್ಟ್ರು

ಮೇಡಮ್‌ಗಳಿಗೆ ಮೊದಲ ಮೂರು ತಿಂಗಳು ಸೊಂಟದೆತ್ತರದ ಹ್ಯಾಮಕ್ ಸಾಕು. ಮಾಂಗಲ್ಯ ತೆಗೆಯಲ್ಲ ಅಂದ್ರೆ ಸರವನ್ನ ಮಡಚಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕತ್ತು ಮುಚ್ಚೋ ಬಿಗಿ ಟೀಶರ್ಟಿನೊಳಗೆ ಟೇಪ್ ಮಾಡಲಿ. ಹಾಗೆ ಮಾಡಿದವರಿಗೆ ತಲೆಕೆಳಗಿನ ಭಂಗಿ ಇಲ್ಲ, ಕೂತು ನಿಂತು ಮಾಡೋದು ಮಾತ್ರ. ಕಾಲುಂಗುರಕ್ಕೆ ಬಟ್ಟೆ ಟೇಪಿನ ಎರಡು ಸುತ್ತು. ಬಿಪಿ ಹೆಚ್ಚಿದ್ದವರು, ಗ್ಲಾಕೋಮಾ ಇರೋರು, ತಲೆಸುತ್ತಿನವರು, ಬಸುರಿಯರು ತಲೆಕೆಳಗಾಗೋದು ಬೇಡ. ಫಾರಂನಲ್ಲಿ ಬರೆಸಿಕೊಂಡ್ರೆ ಸಾಲದು, ಮೊದಲ ದಿನ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ. ಎಲ್ಲರ ಮುಂದೆ ಕೇಳಿದ್ರೆ ಯಾರೂ ಹೇಳಲ್ಲ.

ಮೇಟಗಳ್ಳಿ_ಸ್ಟ್ರಕ್ಚರಲ್

ಲೈಟಿಂಗ್ ಟ್ರಸ್ಸಿಗೆ ಬೇಡ. ಆ ಟ್ರಸ್ಸಿನ ಅಂಕಿ ನಿಂತ ಭಾರಕ್ಕೆ, ಜಗ್ಗೋ ಭಾರಕ್ಕಲ್ಲ. ಜೊತೆಗೆ ಅದಕ್ಕಾಗಲೇ ಲೈಟು, ಸ್ಪೀಕರು, ಬ್ಯಾನರ್ ಎಲ್ಲ ನೇತುಹಾಕಿರ್ತಾರೆ. ಬ್ಯಾನರ್ ಗಾಳಿ ಹಿಡಿದ್ರೆ ಇಡೀ ಫ್ರೇಮನ್ನೇ ವಾಲಿಸುತ್ತೆ. ಸಿಲ್ಕಿಗೇ ಮಾಡಿದ ನಾಲ್ಕು ಕಾಲಿನ ರಿಗ್ (ಸ್ಟ್ಯಾಂಡ್) ಸಿಗುತ್ತೆ, ಅದನ್ನ ತಂದು ಸಮನೆಲದ ಮೇಲೆ ನಿಲ್ಲಿಸಿ. ವೇದಿಕೆ ಹಲಗೆಯದಾದ್ರೆ ಒಂದೊಂದು ಕಾಲಿನ ಕೆಳಗೂ ಭಾರ ಹರಡೋ ಪ್ಲೇಟು ಬೇಕು, ಹಲಗೆಯ ಕೆಳಗೆ ಆಧಾರ ಎಲ್ಲಿದೆ ಅಂತ ಬಗ್ಗಿ ನೋಡಿಯೇ ಕಾಲು ಇಡಿ. ದಸರಾ ಹೊತ್ತಿಗೆ ಸಂಜೆ ಮಳೆ ಮಾಮೂಲಿ. ಒದ್ದೆ ನೈಲಾನ್ ಜಾರುತ್ತೆ, ಹತ್ತು ಹನಿ ಬಿದ್ದರೂ ಆವತ್ತಿನ ಐಟಂ ಕ್ಯಾನ್ಸಲ್ ಅಂತ ಆಯೋಜಕರಿಗೆ ಮೊದಲೇ ಬರೆದು ಕೊಡಿ.