"ಯಕ್ಕಾರ, ನಾಳಿಗಿ ಪೈಪ್ ತಗೀತೀರಲ್ರಿ?" ಅಂದರೆ ಐಸಿಯು ನರ್ಸ್ ಏನು ಹೇಳಬೇಕು?

ಐಸಿಯು ಸಿಸ್ಟರ್, ವಿಜಯಪುರ:
ಆರು ವರ್ಷದಿಂದ ಐಸಿಯುನಲ್ಲಿ ಇದ್ದೇನೆ. ಹೋದ ವಾರ ಸಿಂದಗಿ ಕಡೆಯ ಅಜ್ಜ ಒಬ್ಬರು ವೆಂಟಿಲೇಟರ್ ಮೇಲಿದ್ದರು, ಗಂಟಲಲ್ಲಿ ಉಸಿರಾಟದ ಪೈಪ್. ಒಂಬತ್ತನೇ ದಿನ. ಕಿಡ್ನಿ ಕೈಬಿಟ್ಟಿತ್ತು, ಬಿಪಿ ಬೀಳದಂತೆ ಹಿಡಿಯೋ ಔಷಧಿ ಏರಿಸ್ತಾನೇ ಇದ್ದೆವು. ಡಾಕ್ಟರ್ ಹೊರಗೆ ಬಂದು "ಸೀರಿಯಸ್ ಐತಿ, ನೋಡೋಣ" ಅಂದು ಹೋದರು. ಎರಡು ನಿಮಿಷ, ಅಷ್ಟೇ.

ರಾತ್ರಿ ಅವರ ಮಗಳು ಬಂದರು. ಕೈಯಲ್ಲಿ ಸಣ್ಣ ಸ್ಟೀಲ್ ಡಬ್ಬಿ. ಅಪ್ಪ ಎದ್ದರೆ ಕುಡಿಸೋಕೆ ಅಂತ ಅಂಬಲಿ ತಂದಿದ್ದರು. "ಯಕ್ಕಾರ, ನಾಳಿಗಿ ಪೈಪ್ ತಗೀತೀರಲ್ರಿ?" ಅಂದರು. ನಾನು "ಡಾಕ್ಟರನ್ನ ಕೇಳ್ರಿ" ಅಂದುಬಿಟ್ಟೆ. ಆ ಡಬ್ಬಿ ಇನ್ನೂ ಕಣ್ಣಮುಂದೆ ಇದೆ.

ಕಾಯಿಲೆ ಎಲ್ಲಿಗೆ ಮುಟ್ಟಿದೆ ಅಂತ ಹೇಳೋದು ಡಾಕ್ಟರ್ ಕೆಲಸ, ಗೊತ್ತು. ಆದರೆ ರಾತ್ರಿಯೆಲ್ಲ ಪಕ್ಕದಲ್ಲಿ ಇರುವವಳು ನಾನೇ ಅಲ್ವಾ? ನಾನು ಎಲ್ಲಿವರೆಗೆ ಮಾತಾಡಬಹುದು?

ಹಿರಿಯ ನರ್ಸ್, ಬೆಳಗಾವಿ:
ತಂಗಿ, ಉತ್ತರ ಕೊಡೋಕೆ ಹೋಗಬೇಡ. ಮೊದಲು ನೀನೇ ಕೇಳು: "ಡಾಕ್ಟರ್ ಹೇಳಿದ್ದು ನಿಮಗ ಏನಂತ ತಿಳೀತ್ರಿ?" ಸೀರಿಯಸ್ ಅಂದರೆ ನಮಗೆ ಒಂದು, ಅವರಿಗೆ ಇನ್ನೊಂದು. ಅವರು ಹೇಳಿದ್ದನ್ನು ಅವತ್ತೇ ಡಾಕ್ಟರ್ ಕಿವಿಗೆ ಹಾಕು: "ಸರ್, ಮನೆಯವರು ನಾಳೆ ಪೈಪ್ ತೆಗೀತಾರೆ ಅಂದ್ಕೊಂಡಿದ್ದಾರೆ." ಕಾರಿಡಾರ್‌ನಲ್ಲಿ ನಿಂತು ಮಾತಾಡೋದು ಬೇಡ, ಕುರ್ಚಿ ಹಾಕಿಸು. ನೀನೂ ಕೂತಿರು. ಡಾಕ್ಟರ್ ಎದ್ದು ಹೋದ ಮೇಲೇ ನಿಜವಾದ ಪ್ರಶ್ನೆ ಬರೋದು.

"ಇನ್ನು ಏನೂ ಮಾಡೋಕಾಗಲ್ಲ" ಅನ್ನೋ ಮಾತು ಮಾತ್ರ ಬಾಯಿಂದ ಬರಬಾರದು. ಉಸಿರಿನ ಸಂಕಟಕ್ಕೆ ಮಾರ್ಫಿನ್ ಇದೆ. ಒಣಗಿದ ತುಟಿ ಒರೆಸೋಕೆ ಒದ್ದೆ ಗಾಜ್ ಬಟ್ಟೆ ಇದೆ. ಪ್ಯಾಲಿಯೇಟಿವ್ ಕೇರ್ ಅಂದರೆ ನೋವು, ಸಂಕಟ ಕಡಿಮೆ ಮಾಡೋ ಆರೈಕೆ, ಚಿಕಿತ್ಸೆ ಬಿಟ್ಟುಬಿಡೋದು ಅಲ್ಲ.

ರೋಗಿಯ ಮಗ, ಬಾಗಲಕೋಟೆ:
ನಮ್ಮವ್ವ ಐಸಿಯುನಲ್ಲೇ ಹೋದಳು. ಅಲ್ಲಿವರೆಗೆ ಎಲ್ಲರೂ ನನ್ನ ಹತ್ತಿರ ಬರೀ ಸಹಿ ಕೇಳಿದ್ದರು. ಒಬ್ಬ ಸಿಸ್ಟರ್ ಮಾತ್ರ "ಅವ್ವಾರಿಗೆ ಏನ್ ಭಾಳ ಸೇರತಿತ್ರಿ?" ಅಂತ ಕೇಳಿದರು. ವಚನ ಕೇಳೋದು ಅಂದೆ. ಮೊಬೈಲ್ ದಿಂಬಿನ ಪಕ್ಕ ಇಡಿಸಿದರು. ಮಂಚಕ್ಕೆ ಕಟ್ಟಿದ್ದ ಪಟ್ಟಿ ಬಿಚ್ಚಿ ಅವ್ವನ ಕೈಯನ್ನ ನನ್ನ ಕೈಗೆ ಕೊಟ್ಟರು. ಬೇರೆ ಯಾರು ಏನು ಹೇಳಿದರೋ ನೆನಪಿಲ್ಲ.

ಐಸಿಯು ಡಾಕ್ಟರ್, ಬೆಳಗಾವಿ:
ಒಂದು ಭಯ ಬಿಡಿ ಸಿಸ್ಟರ್. ವೆಂಟಿಲೇಟರ್ ನಿಲ್ಲಿಸೋ ನಿರ್ಧಾರ ನಿಮ್ಮ ತಲೆ ಮೇಲೆ ಬರಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ತೋರಿಸಿತು, 2023ರಲ್ಲಿ ಅದನ್ನೇ ಸರಳ ಮಾಡಿತು. ಮೂವರು ಮೂವರು ಡಾಕ್ಟರ್‌ಗಳ ಎರಡು ಬೋರ್ಡ್ ನೋಡಬೇಕು, ಮನೆಯವರೂ ಒಪ್ಪಬೇಕು. ನಮ್ಮ ರಾಜ್ಯ ಸರ್ಕಾರ ಕೂಡ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಆದರೆ "ನನ್ನನ್ನ ಮಷಿನ್ ಮೇಲೆ ಇಡಬೇಡ್ರಿ" ಅಂತ ಅಜ್ಜ ಮನೆಯಲ್ಲಿ ಹೇಳಿದ್ದರೆ, ಅದು ಮೊದಲು ನಿಮ್ಮ ಕಿವಿಗೇ ಬೀಳುತ್ತೆ. ದಯವಿಟ್ಟು ಬರೆದಿಡಿ, ನಮಗೆ ತಿಳಿಸಿ.

ಐಸಿಯು ಸಿಸ್ಟರ್, ವಿಜಯಪುರ:
ಎಲ್ಲರಿಗೂ ಶರಣು. ಇವತ್ತು ನೈಟ್ ಡ್ಯೂಟಿ. ನಾಲ್ಕನೇ ಬೆಡ್‌ನವರ ಮಗ, ಸೊಸೆ ಹೊರಗೆ ಕಾಯ್ತಾ ಇದ್ದಾರೆ. ಸ್ಟೋರ್ ರೂಮಿನಿಂದ ಕುರ್ಚಿ ತಂದು ಹಾಕಿದ್ದೇನೆ.